ಅಶೋಕ ರಸ್ತೆಯ ಮಹಡಿ ಮೇಲೆ ಬಿಚ್ಚಿ ನೋಡಿದ 'ಪವರ್' ಕ್ಯಾಂಪೇನ್

"ಸಾರ್, ಅಕೌಂಟ್ ವಾಪಸ್ ಬರುತ್ತಾ?" ಗುಬ್ಬಿ ಕಡೆಯ ಆ ಹುಡುಗ ಕುರ್ಚಿ ಎಳೆದುಕೊಳ್ಳುವ ಮುಂಚೆಯೇ ಕೇಳಿದ್ದು ಇದು. ತುಮಕೂರಿನ ಅಶೋಕ ರಸ್ತೆಯಲ್ಲಿ ಆನ್‌ಲೈನ್ ಜಾಹೀರಾತಿನ ಸಲಹೆ ಕೊಡುವ ನಮ್ಮ ಆಫೀಸಿಗೆ ಈ ಪ್ರಶ್ನೆ ಹೊತ್ತು ಬರುವವರು ಕಮ್ಮಿಯೇನಿಲ್ಲ. ಕೋಚಿಂಗ್ ಸೆಂಟರಿನವರು, ಸೈಟ್ ಮಾರುವವರು, ಸಾಲ ಕೊಡಿಸುವವರು, ಎಲ್ಲರ ಆ್ಯಡ್ ಅಕೌಂಟನ್ನೂ ಫೇಸ್‌ಬುಕ್ಕೋ ಗೂಗಲ್ಲೋ ಯಾವಾಗಲೋ ಒಮ್ಮೆ ಮುಚ್ಚಿರುತ್ತದೆ. ಇವನ ಸರಕು ಮಾತ್ರ ಬೇರೆ: ಗಂಡಸರ 'ಪವರ್' ಕ್ಯಾಪ್ಸೂಲ್. ಮಾಲು ಹೊರರಾಜ್ಯದ ಒಂದು ಕಂಪನಿಯದು, ಮಧ್ಯೆ ಕಮಿಷನ್ ಮೇಲೆ ಇನ್ನೊಬ್ಬರ ಮಾಲಿಗೆ ಆ್ಯಡ್ ಹಾಕುವವರನ್ನು ಸೇರಿಸಿಕೊಡುವ ಒಂದು ಅಫಿಲಿಯೇಟ್ ನೆಟ್‌ವರ್ಕ್, ಕೊನೆಯಲ್ಲಿ ಇವನು. ಫೇಸ್‌ಬುಕ್‌ಗೆ ತನ್ನ ಕಾರ್ಡಿನಿಂದಲೇ ದುಡ್ಡು ಕಟ್ಟಿ ಆ್ಯಡ್ ಬಿಡಬೇಕು. 1,999 ರೂಪಾಯಿಯ ಡಬ್ಬಿ ಗಿರಾಕಿಯ ಕೈ ಸೇರಿದರೆ ಒಂದಕ್ಕೆ 700 ರೂಪಾಯಿ ಕಮಿಷನ್.

ಅಕೌಂಟಿನ ಮಾತು ಆಮೇಲೆ ಅಂದು ಮೊದಲು ಆ್ಯಡ್ ತೋರಿಸು ಅಂದೆವು. ಫೋನಿನಲ್ಲಿ ಸ್ಕ್ರೀನ್‌ಶಾಟ್ ಇತ್ತು. ಮೇಲೆ ದಪ್ಪಕ್ಷರದಲ್ಲಿ "ನಿಮಗೆ ಶೀಘ್ರ ಸ್ಖಲನದ ಸಮಸ್ಯೆಯೇ? 15 ದಿನದಲ್ಲಿ ಗ್ಯಾರಂಟಿ ಪರಿಹಾರ". ಎಡಗಡೆ ಬಾಡಿದ ಬಾಳೆಹಣ್ಣು, ಬಲಗಡೆ ನೆಟ್ಟಗಿನ ಬಾಳೆಹಣ್ಣು. ಕೆಳಗೆ ಬಿಳಿ ಕೋಟಿನ ಒಬ್ಬ ಮನುಷ್ಯ. ಯಾವ ಡಾಕ್ಟರು ಅಂತ ಕೇಳಿದರೆ ಅದು ಗೂಗಲ್ ಇಮೇಜಿನಿಂದ ಎತ್ತಿದ್ದಂತೆ.

ಇದರಲ್ಲಿ ಉಳಿಯುವ ಒಂದು ಪದವೂ ಇಲ್ಲ. "ನಿಮಗೆ ಸಮಸ್ಯೆಯೇ" ಅನ್ನುವಲ್ಲೇ ಮೊದಲ ಪೆಟ್ಟು. ನೋಡುವವನ ಕಾಯಿಲೆ ನಮಗೆ ಗೊತ್ತಿದೆ ಅನ್ನುವ ಧಾಟಿಯ ಮಾತನ್ನು ಫೇಸ್‌ಬುಕ್ಕಿನ ಒಡೆಯ ಕಂಪನಿ ಮೆಟಾ ಒಪ್ಪುವುದಿಲ್ಲ, ಅದು ಸಕ್ಕರೆ ಕಾಯಿಲೆಯಾದರೂ ಸರಿ, ಬೋಳುತಲೆಯಾದರೂ ಸರಿ. ಮೊದಲು–ಆಮೇಲೆ ಚಿತ್ರಕ್ಕೂ ಅಲ್ಲಿ ಜಾಗವಿಲ್ಲ, ಬಾಳೆಹಣ್ಣು ಇಟ್ಟ ಮಾತ್ರಕ್ಕೆ ಯಂತ್ರ ಮೋಸ ಹೋಗುವುದಿಲ್ಲ. ಲೈಂಗಿಕ ಆರೋಗ್ಯದ ಆ್ಯಡ್ ಅಂತ ಮೆಟಾ ಬಿಡುವುದು 18 ದಾಟಿದವರಿಗೆ ಮಾತ್ರ, ಅದರಲ್ಲೂ ಸುಖದ ಮಾತು ಬರಕೂಡದು. ಗೂಗಲ್ ಇನ್ನೊಂದು ಥರ ಬಿಗಿ. ಡಾಕ್ಟರ ಚೀಟಿ ಬೇಕಾದ ಔಷಧದ ಹೆಸರನ್ನು ನಮ್ಮ ದೇಶದಲ್ಲಿ ಆ್ಯಡಿನಲ್ಲಿ ಬರೆಯಲು ಬಿಡುವುದಿಲ್ಲ. ಒಮ್ಮೆ ನಿಮ್ಮ ಪುಟಕ್ಕೆ ಬಂದು ಹೋದವನನ್ನು ಬೆನ್ನುಹತ್ತಿ ಮತ್ತೆ ಮತ್ತೆ ಆ್ಯಡ್ ತೋರಿಸುವ ಸೌಲಭ್ಯವನ್ನೂ ಈ ವಿಷಯಕ್ಕೆ ಕೊಡುವುದಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಹುಡುಗ ಟೆಲಿಗ್ರಾಂ ತೆಗೆದು ನೆಟ್‌ವರ್ಕಿನ ಮ್ಯಾನೇಜರ್ ಕಳಿಸಿದ ಸಂದೇಶ ತೋರಿಸಿದ. ಪರಿಶೀಲನೆಗೆ ಬರುವವರಿಗೆ ಯೋಗಾಸನದ ಪುಟ, ಗಿರಾಕಿಗೆ ಕ್ಯಾಪ್ಸೂಲಿನ ಪುಟ, ಹೀಗೆ ಎರಡು ಮುಖ ತೋರಿಸುವ ಸಾಫ್ಟ್‌ವೇರ್ ಇದೆ, ತಿಂಗಳಿಗೆ ಇಷ್ಟು ಬಾಡಿಗೆ ಅಂತ. ಕ್ಲೋಕಿಂಗ್ ಅನ್ನುವುದು ಇದನ್ನೇ. ಸಲಹೆ ಕೊಟ್ಟವನದೇನೂ ಹೋಗುವುದಿಲ್ಲ, ಅಕೌಂಟ್ ನಿನ್ನದು, ಕಾರ್ಡ್ ನಿನ್ನದು, ಆಧಾರ್ ಕೊಟ್ಟು ವೆರಿಫೈ ಆದ ಹೆಸರೂ ನಿನ್ನದೇ ಅಂದೆವು. ಗೂಗಲ್ ಇಂಥದ್ದಕ್ಕೆ ಎಚ್ಚರಿಕೆಯನ್ನೂ ಕೊಡದೆ ಅಕೌಂಟ್ ಮುಚ್ಚುತ್ತದೆ, ಆಮೇಲೆ ಅದೇ ಕಾರ್ಡ್, ಅದೇ ಫೋನು, ಅದೇ ಡೊಮೈನಿನಿಂದ ತೆರೆದ ಹೊಸ ಅಕೌಂಟೂ ಸಾಲಾಗಿ ಬೀಳುತ್ತದೆ. ನಾಳೆ ಅಪ್ಪನ ಅಡಿಕೆ ವ್ಯಾಪಾರಕ್ಕೆ ಆ್ಯಡ್ ಹಾಕಬೇಕು ಅಂದರೂ ದಾರಿ ಇರುವುದಿಲ್ಲ.

"ಆಯುರ್ವೇದ ಅಲ್ವಾ ಸಾರ್, ಆಯುರ್ವೇದಕ್ಕೆ ಏನು ತೊಂದರೆ?"

ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಫೇಸ್‌ಬುಕ್ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಬರೆದಿಟ್ಟಿದೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಲೈಂಗಿಕ ಸುಖದ ಸಾಮರ್ಥ್ಯ ಕಾಪಾಡುತ್ತದೆ ಅಥವಾ ಹೆಚ್ಚಿಸುತ್ತದೆ ಅಂತ ಯಾವ ಔಷಧವನ್ನೂ ಜಾಹೀರು ಮಾಡುವಂತಿಲ್ಲ. ಕಾಯ್ದೆಯ ಕೊನೆಯಲ್ಲಿರುವ ಕಾಯಿಲೆಗಳ ಪಟ್ಟಿಯಲ್ಲಿ ನಪುಂಸಕತ್ವವೂ ಇದೆ. ಅಲೋಪಥಿ, ಆಯುರ್ವೇದ, ಯುನಾನಿ ಅಂತ ಭೇದವಿಲ್ಲ. ಅಫಿಲಿಯೇಟುಗಳು ಎರಡು ಸಲ ಓದಬೇಕಾದದ್ದು ಅದರ ಇನ್ನೊಂದು ಮಾತು: ಇಂಥ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಯಾವ ಪಾತ್ರವನ್ನೂ ವಹಿಸಕೂಡದು. ಮಾಲು ಕಂಪನಿಯದು, ನಾನು ಬರೀ ಲಿಂಕ್ ಹಾಕಿದವನು ಅನ್ನುವ ಸಮಜಾಯಿಷಿಗೆ ಅಲ್ಲಿ ಎಡೆಯಿಲ್ಲ. ಮೊದಲ ಸಲ ಶಿಕ್ಷೆಯಾದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ. ಈ ಕಾಯ್ದೆಯನ್ನು ಹಮ್ದರ್ದ್ ದವಾಖಾನಾ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತ್ತು. 1959ರ ತೀರ್ಪಿನಲ್ಲಿ ಒಂದೆರಡು ಭಾಗ ಬಿದ್ದುಹೋದವು, ಸುಖದ ಸಾಮರ್ಥ್ಯದ ಮೇಲಿನ ನಿಷೇಧ ಹಾಗೇ ನಿಂತಿತು. ಡ್ರಗ್ಸ್ ನಿಯಮಗಳ ಶೆಡ್ಯೂಲ್ ಜೆ ತೆಗೆದರೂ ಇದೇ ಕಥೆ: ಗುಣಪಡಿಸುತ್ತೇವೆಂದು ಹೇಳಿಕೊಳ್ಳಬಾರದ ಪಟ್ಟಿಯಲ್ಲಿ ಶೀಘ್ರ ಸ್ಖಲನ, ಅಂಗದ ಗಾತ್ರ, ಸಂಭೋಗದ ಅವಧಿ ಎಲ್ಲವೂ ಇವೆ.

"ಹಂಗಾದ್ರೆ ಬಿ.ಎಚ್. ರಸ್ತೆ ಗೋಡೆ ತುಂಬ ಬರೆದಿರ್ತಾರಲ್ಲ ಸಾರ್, ಗುಪ್ತರೋಗ, ಪ್ರತಿ ಭಾನುವಾರ ಲಾಡ್ಜ್‌ನಲ್ಲಿ ಭೇಟಿ ಅಂತ?" ಬರೆದಿರುತ್ತಾರೆ, ನಿಜ. ನೋಂದಾಯಿತ ವೈದ್ಯ ತನ್ನ ಕ್ಲಿನಿಕ್ಕಿನ ಬಾಗಿಲಿಗೆ ಇಂಥ ಕಾಯಿಲೆಗೆ ಚಿಕಿತ್ಸೆ ಇದೆ ಅಂತ ಬೋರ್ಡು ಹಾಕಿಕೊಳ್ಳಲು 14ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಲಾಡ್ಜಿನ ರೂಮಿಗೂ ಮೇಲ್ಸೇತುವೆಯ ಕಂಬಕ್ಕೂ ಆ ವಿನಾಯಿತಿ ಇಲ್ಲ. ಯಾರೂ ಹಿಡಿದಿಲ್ಲ ಅಷ್ಟೆ. ಗೋಡೆಯ ಮೇಲೆ ಬರೆಸಿದವನು ಯಾರೆಂದು ಹುಡುಕಬೇಕು, ಫೇಸ್‌ಬುಕ್ಕಿನಲ್ಲಿ ಬರೆಸಿದವನ ಬಿಲ್ಲು ಅವನ ಹೆಸರಿಗೇ ಇರುತ್ತದೆ.

ಡಬ್ಬಿಯೊಂದನ್ನು ಜೊತೆಗೇ ತಂದಿದ್ದ. ಲೇಬಲ್ಲಿನಲ್ಲಿ ಅಶ್ವಗಂಧ, ಸಫೇದ್ ಮುಸ್ಲಿ, ನಸುಗುನ್ನಿ, ನೆಗ್ಗಿಲು, ಶಿಲಾಜಿತ್ತು. ಯಾವುದು ಎಷ್ಟು ಮಿಲಿಗ್ರಾಂ ಅಂತ ಇಲ್ಲ. ಬ್ಯಾಚ್ ನಂಬರ್ ಇದೆ, ತಯಾರಿಕಾ ಲೈಸೆನ್ಸ್ ನಂಬರ್ ಇಲ್ಲ. ಆಯುರ್ವೇದ ಔಷಧ ಅಂತ ಮಾರುವ ಡಬ್ಬಿಗೆ ಆ ನಂಬರ್ ಇರಲೇಬೇಕು, ಆಹಾರ ಪೂರಕ ಅಂತ ಮಾರಿದರೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರಬೇಕು. ಎರಡೂ ಇಲ್ಲದ್ದನ್ನು ಕೈಯಲ್ಲಿ ಹಿಡಿಯದಿರುವುದೇ ಮೇಲು. ಡಬ್ಬಿಯ ಪಕ್ಕದಲ್ಲಿ "ಅರ್ಧ ಗಂಟೆಯಲ್ಲಿ ಪರಿಣಾಮ" ಅಂತ ಇದ್ದದ್ದು ನಮಗೆ ಎಲ್ಲಕ್ಕಿಂತ ಅನುಮಾನ ತರಿಸಿತು. ಗಿಡಮೂಲಿಕೆ ಅರ್ಧ ಗಂಟೆಯಲ್ಲಿ ಹೀಗೆ ಕೆಲಸ ಮಾಡುವುದಿಲ್ಲ, ವಯಾಗ್ರದಲ್ಲಿರುವ ಸಿಲ್ಡೆನಾಫಿಲ್ ಮಾಡುತ್ತದೆ. ಹರ್ಬಲ್ ಹೆಸರಿನ ಇಂಥ ಮಾತ್ರೆಗಳಲ್ಲಿ ಲೇಬಲ್ಲಿಗೆ ಬಾರದ ಸಿಲ್ಡೆನಾಫಿಲ್ಲನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆಹಚ್ಚಿದೆ. ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವನು ಇದನ್ನು ನುಂಗಿದರೆ ಬಿ.ಪಿ. ಏಕಾಏಕಿ ಕುಸಿದು ಜೀವಕ್ಕೇ ಕುತ್ತು. ಇಂಥ ಮಾಲಿಗೆ ಗಿರಾಕಿಗಳಾಗುವವರು ಹೆಚ್ಚಾಗಿ ಐವತ್ತು ದಾಟಿದವರು, ಸಕ್ಕರೆ, ಬಿ.ಪಿ., ಹೃದಯದ ಮಾತ್ರೆ ತಿನ್ನುವವರು. ನಿಮಿರು ದೌರ್ಬಲ್ಯ ಎಷ್ಟೋ ಸಲ ಸಕ್ಕರೆ ಕಾಯಿಲೆಯ ಅಥವಾ ರಕ್ತನಾಳದ ತೊಂದರೆಯ ಮೊದಲ ಸುಳಿವು. ಅಂಥವನನ್ನು ಡಾಕ್ಟರ ಬಳಿ ಹೋಗದ ಹಾಗೆ ತಡೆದು ನಿಲ್ಲಿಸುವುದೇ ಈ ಡಬ್ಬಿ ಮಾಡುವ ದೊಡ್ಡ ಕೇಡು.

ಕಾನೂನು, ಆರೋಗ್ಯ ಕೇಳಿಸಿಕೊಳ್ಳುವಾಗ ಹುಡುಗನ ಕಣ್ಣು ಫೋನಿನ ಮೇಲೇ ಇತ್ತು. ಲೆಕ್ಕ ಶುರು ಮಾಡಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

ಅವನ ಡ್ಯಾಶ್‌ಬೋರ್ಡಿನಲ್ಲಿ ಒಂದು ಕ್ಲಿಕ್ಕಿಗೆ 4 ರೂಪಾಯಿ, ಸರಿಸುಮಾರು 40 ಕ್ಲಿಕ್ಕಿಗೆ ಒಬ್ಬ ಫಾರ್ಮ್ ತುಂಬುತ್ತಿದ್ದ. ಅಂದರೆ ಆರ್ಡರಿಗೆ 160 ರೂಪಾಯಿ ಅಂತ ಅವನ ಲೆಕ್ಕ. ಜಾಹೀರಾತಿನ ಬಿಲ್ಲಿಗೆ ಶೇ 18 ಜಿಎಸ್‌ಟಿ ಸೇರುತ್ತದೆ ಅನ್ನುವುದು ಡ್ಯಾಶ್‌ಬೋರ್ಡಿನಲ್ಲಿ ಕಾಣುವುದಿಲ್ಲ, ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಸೇರಿಸಿದರೆ 188 ರೂಪಾಯಿ 80 ಪೈಸೆ. ನೂರು ಆರ್ಡರಿಗೆ 18,880. ಕಮಿಷನ್ 700ರಂತೆ ಈ ದುಡ್ಡು ವಾಪಸ್ ಬರಲು ನೂರರಲ್ಲಿ 27 ಡಬ್ಬಿ ಗಿರಾಕಿಯ ಕೈಗೆ ಮುಟ್ಟಬೇಕು, ಅಲ್ಲಿಂದಾಚೆಗೆ ಲಾಭ. ಕಮಿಷನ್ ಮೇಲೆ ಶೇ 2 ಟಿಡಿಎಸ್ ಹಿಡಿಯುವುದು ಬೇರೆ, ಅದನ್ನು ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ನೂರಕ್ಕೆ 27 ಸುಲಭ ಅನ್ನಿಸುತ್ತದೆ. ಕ್ಯಾಶ್ ಆನ್ ಡೆಲಿವರಿಯಲ್ಲಿ, ಅದರಲ್ಲೂ ಈ ಸರಕಿನಲ್ಲಿ, ಅದು ಸುಲಭವಲ್ಲ.

ಆರ್ಡರ್ ಬಂದ ಹೊತ್ತು ನೋಡಿದರೆ ಅರ್ಧಕ್ಕರ್ಧ ರಾತ್ರಿ ಹನ್ನೊಂದರ ಮೇಲಿನವು. ಕಾಲ್ ಸೆಂಟರಿನವರು ಖಾತ್ರಿ ಮಾಡಿಕೊಳ್ಳಲು ಫೋನ್ ಮಾಡುವುದು ಬೆಳಗ್ಗೆ ಹತ್ತಕ್ಕೆ. ಆಗ ಆಸಾಮಿ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿರುತ್ತಾನೆ ಅಥವಾ ತೋಟದಲ್ಲಿ ಆಳುಗಳ ಮಧ್ಯೆ ನಿಂತಿರುತ್ತಾನೆ. ಹಿಂದಿಯಲ್ಲಿ ಯಾರೋ ಡಬ್ಬಿಯ ಹೆಸರು ಹೇಳಿದ ತಕ್ಷಣ ರಾಂಗ್ ನಂಬರ್ ಅಂದು ಇಟ್ಟುಬಿಡುತ್ತಾನೆ. ಫೋನ್ ದಾಟಿದ ಆರ್ಡರು ಪಾರ್ಸೆಲ್ಲಿನಲ್ಲಿ ಸಾಯುತ್ತದೆ. ಹಳ್ಳಿಯಲ್ಲಿ ಕೊರಿಯರ್ ಹುಡುಗ ಮನೆ ಬಾಗಿಲಿಗೆ ಹೋದರೆ ತೆಗೆಯುವವಳು ತಾಯಿ ಅಥವಾ ಹೆಂಡತಿ. ಪೊಟ್ಟಣದ ಮೇಲೆ ಕಂಪನಿಯ ಹೆಸರು ರಾರಾಜಿಸುತ್ತಿರುತ್ತದೆ. "ನಮ್ಮೋರು ಏನೂ ಆರ್ಡರ್ ಮಾಡಿಲ್ಲ ಕಣಪ್ಪಾ" ಅಂದರೆ ಮುಗಿಯಿತು. ಡಬ್ಬಿ ಬಂದ ದಾರಿಯಲ್ಲೇ ವಾಪಸ್, 188 ರೂಪಾಯಿ 80 ಪೈಸೆ ಫೇಸ್‌ಬುಕ್ ಪಾಲು.

ಜಿಲ್ಲೆಗೆ ಆ್ಯಡ್ ಕಟ್ಟಿಹಾಕುವುದರಲ್ಲೂ ಅವನ ದುಡ್ಡು ಸೋರಿತ್ತು. ಇದು ಯಾವ ಸರಕಿಗಾದರೂ ಅನ್ವಯಿಸುವ ಮಾತಾದ್ದರಿಂದ ಬಿಡಿಸಿ ಹೇಳುತ್ತೇವೆ. ಗೂಗಲ್ಲಿನಲ್ಲಿ ಸ್ಥಳ ಆರಿಸುವಾಗ ತಾನಾಗೇ ಗುರುತಾಗಿರುವುದು ಆ ಊರಿನಲ್ಲಿ ಇರುವವರು ಮತ್ತು ಆ ಊರಿನ ಬಗ್ಗೆ ಆಸಕ್ತಿ ಇರುವವರು, ಇಬ್ಬರೂ. ಅದನ್ನು ಇರುವವರು ಮಾತ್ರ ಅಂತ ಬದಲಿಸಬೇಕು. ಬದಲಿಸಿದರೂ ಮೊಬೈಲ್ ಡೇಟಾದಲ್ಲಿ ಬರುವ ತುಮಕೂರಿನ ಗಿರಾಕಿ ಎಷ್ಟೋ ಸಲ ಬೆಂಗಳೂರಿನವನಂತೆ ಕಾಣುತ್ತಾನೆ. ಬೆಂಗಳೂರನ್ನು ಹೊರಗಿಟ್ಟರೆ ಇವನೂ ಹೊರಗೆ, ಸೇರಿಸಿಕೊಂಡರೆ ಅಷ್ಟೂ ಬೆಂಗಳೂರು ಒಳಗೆ. ಇದಕ್ಕೆ ಪುಟದ ಮೊದಲ ಖಾನೆಯಲ್ಲೇ ಪಿನ್‌ಕೋಡ್ ಕೇಳುವುದು ಉಪಾಯ. ಅಲ್ಲೂ ಒಂದು ಮುಳ್ಳಿದೆ. 572ರಿಂದ ಶುರುವಾಗುವ ಪಿನ್ ಮಾತ್ರ ಒಪ್ಪು ಅಂತ ಇಟ್ಟರೆ ಪಾವಗಡ ಬಿಟ್ಟುಹೋಗುತ್ತದೆ, ಅದು 561202. ಪಾವಗಡಕ್ಕೆ ಬಿಡುವ ಆ್ಯಡನ್ನು ತೆಲುಗಿನಲ್ಲೂ ಒಂದು ಮಾಡಿ ನೋಡುವುದು ಒಳ್ಳೆಯದು, ಕೋಲಾರ, ಚಿಂತಾಮಣಿ ಕಡೆಗೂ ಅದೇ. ಭಾಷೆ ಆರಿಸುವಲ್ಲಿ ಕನ್ನಡದ ಜೊತೆ ಇಂಗ್ಲಿಷನ್ನೂ ಇಡಬೇಕು, ಕನ್ನಡದಲ್ಲೇ ಹುಡುಕುವವರ ಫೋನುಗಳೂ ಇಂಗ್ಲಿಷಿನಲ್ಲಿ ಸೆಟ್ ಆಗಿರುತ್ತವೆ. ಕಥೆ, ವಿಡಿಯೋ, ಮನೆಮದ್ದು, ಫ್ರೀ, ಈ ನಾಲ್ಕನ್ನು, ಹುಡುಕಾಟದಲ್ಲಿ ಇವು ಇದ್ದರೆ ಆ್ಯಡ್ ತೋರಿಸಬೇಡ ಅನ್ನುವ ಬೇಡದ ಪದಗಳ ಪಟ್ಟಿಗೆ ಮೊದಲ ದಿನವೇ ಸೇರಿಸದಿದ್ದರೆ ಅರ್ಧ ಬಜೆಟ್ಟು ಮಧ್ಯಾಹ್ನಕ್ಕೆ ಖಾಲಿ.

ಹಾಗಾದರೆ ಕಾನೂನಿಗೆ ಸರಿಹೋಗುವ ಸರಕು ಯಾವುದು ಅಂತ ಕೇಳಿದ. ಕಾಂಡೋಮ್ ಇದೆ. ಗರ್ಭನಿರೋಧ, ಸೋಂಕು ತಡೆ ಅಂತ ಹೇಳಿ, 18 ದಾಟಿದವರಿಗೆ ತೋರಿಸಿದರೆ ಮೆಟಾ ಬಿಡುತ್ತದೆ. ಆದರೆ 500 ರೂಪಾಯಿ ಆರ್ಡರಿಗೆ ಶೇ 8 ಕಮಿಷನ್ ಸಿಕ್ಕಿತು ಅಂತಿಟ್ಟುಕೊಂಡರೂ 40 ರೂಪಾಯಿ. ತೆರಿಗೆ ಸೇರಿ ಕ್ಲಿಕ್ಕಿಗೆ 4 ರೂಪಾಯಿ 72 ಪೈಸೆ ಕೊಡುವವನಿಗೆ ಎಂಟು ಜನರಲ್ಲಿ ಒಬ್ಬ ಕೊಂಡರೆ ಮಾತ್ರ ಅಸಲು. ಇವನ ಪುಟದಲ್ಲಿ ದುಡ್ಡು ಕಟ್ಟದೆ ಬರೀ ಫಾರ್ಮ್ ತುಂಬಿದವನೇ ನಲವತ್ತಕ್ಕೆ ಒಬ್ಬ. ಡಾಕ್ಟರ ಬಳಿಗೆ ರೋಗಿ ಕಳಿಸಿ ತಲೆಗಿಷ್ಟು ಪಡೆಯುವ ಯೋಚನೆಯೂ ಬಂತು. ರೋಗಿ ಕಳಿಸಿದ್ದಕ್ಕೆ ವೈದ್ಯರು ಕಮಿಷನ್ ಕೊಡುವುದನ್ನು 2002ರ ವೈದ್ಯಕೀಯ ನೀತಿ ನಿಯಮಗಳು ನಿಷೇಧಿಸಿವೆ, ಅಲ್ಲಿಗೆ ಅದೂ ಮುಚ್ಚಿತು. ನಮಗೆ ಸರಿ ಕಂಡದ್ದು ಒಂದೇ. ಊರಿನ ಮೆಡಿಕಲ್ ಸ್ಟೋರಿಗೆ, ಲ್ಯಾಬಿಗೆ ತಿಂಗಳಿಗೆ ಇಷ್ಟು ಅಂತ ಮಾತಾಡಿಕೊಂಡು ಆ್ಯಡ್ ನಡೆಸಿಕೊಡುವುದು: ಹೆಸರಿಲ್ಲದ ಕಂದು ಕವರಿನಲ್ಲಿ ಕಾಂಡೋಮ್ ಮನೆಗೆ, ಐವತ್ತು ದಾಟಿದವರಿಗೆ ಸಕ್ಕರೆ ಮತ್ತು ಬಿ.ಪಿ. ತಪಾಸಣೆ. ಆ್ಯಡಿನ ಖರ್ಚು ಅಂಗಡಿಯವರ ಕಾರ್ಡಿನಿಂದಲೇ ಹೋಗಲಿ. ಕಮಿಷನ್ ಲಿಂಕ್ ಏನಾದರೂ ಹಾಕಿದರೆ "ಇಲ್ಲಿಂದ ಕೊಂಡರೆ ನಮಗೆ ಕಮಿಷನ್ ಬರುತ್ತದೆ" ಅಂತ ಪುಟದ ಮೇಲ್ಭಾಗದಲ್ಲೇ, ಕನ್ನಡದಲ್ಲೇ ಬರೆಯಬೇಕು. 2022ರ ಗ್ರಾಹಕ ಮಾರ್ಗಸೂಚಿಗಳು ಸಂಬಂಧ ಮುಚ್ಚಿಡಬಾರದು ಅನ್ನುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಪ್ರಾಧಿಕಾರ ಮೊದಲ ಸಲವೇ 10 ಲಕ್ಷದವರೆಗೆ ದಂಡ ಹಾಕಬಹುದು.

ಹೊರಡುವ ಮುಂಚೆ ಫಾರ್ಮಿನ ಶೀಟ್ ತೆರೆಸಿದೆವು. ಹೆಸರು, ಫೋನ್ ನಂಬರ್, ಊರು, ಕೊನೆಯ ಕಾಲಮ್ಮಿನಲ್ಲಿ "ಸಮಸ್ಯೆ ಎಷ್ಟು ದಿನದಿಂದ". ಲಿಂಕ್ ಇದ್ದವರೆಲ್ಲ ನೋಡುವಂತೆ ಬಿಟ್ಟಿದ್ದ, ಲಿಂಕ್ ನೆಟ್‌ವರ್ಕಿನವರ ಟೆಲಿಗ್ರಾಂ ಗುಂಪಿನಲ್ಲೇ ಇತ್ತು. ಇಂಥ ಪಟ್ಟಿ ಕೈಗೆ ಸಿಕ್ಕಿದವನು ಒಬ್ಬೊಬ್ಬರಿಗೂ ಫೋನ್ ಮಾಡಿ ಹೆದರಿಸಿ ದುಡ್ಡು ಕೇಳಬಹುದು, ಯಾರೂ ಪೊಲೀಸಿಗೆ ಹೋಗುವುದಿಲ್ಲ. ಡೆಲಿವರಿ ಆದವರ ಪಾರ್ಸೆಲ್ ಟ್ರ್ಯಾಕಿಂಗ್ ನಂಬರ್ ಮಾತ್ರ ಬೇರೆ ಕಡೆ ಬರೆದುಕೊಂಡು ಶೀಟ್ ಅಳಿಸಿಸಿದೆವು, ಟ್ರ್ಯಾಶಿನಿಂದಲೂ.

"ನೆಟ್‌ವರ್ಕಿನಲ್ಲಿ ನಿಂತಿರೋ ನನ್ನ ಕಮಿಷನ್ ಸಾರ್?"

ಆ ಟ್ರ್ಯಾಕಿಂಗ್ ನಂಬರುಗಳು ಅದಕ್ಕೇ. ಡೆಲಿವರ್ಡ್ ಅಂತ ಕೊರಿಯರ್ ಪುಟದಲ್ಲಿ ಬಂದದ್ದರ ಸ್ಕ್ರೀನ್‌ಶಾಟ್, ನೆಟ್‌ವರ್ಕಿನ ಡ್ಯಾಶ್‌ಬೋರ್ಡಿನಲ್ಲಿ ಅದೇ ಆರ್ಡರಿನ ಕ್ಲಿಕ್ ಐಡಿ, ಎರಡನ್ನೂ ಸೇರಿಸಿ ಟೆಲಿಗ್ರಾಂ ಬಿಟ್ಟು ಇಮೇಲಿನಲ್ಲಿ ಇವತ್ತೇ ಬಿಲ್ ಕಳಿಸು, ಆ್ಯಡ್ ನಿಲ್ಲಿಸಿದ್ದು ಗೊತ್ತಾದ ಮೇಲೆ ನಿನ್ನ ಲಾಗಿನ್ ಅವರು ಎಷ್ಟು ದಿನ ಇಟ್ಟಿರುತ್ತಾರೋ ಹೇಳಲಾಗದು ಅಂದೆವು. ಅಲ್ಲೇ ಕೂತು ಟೈಪ್ ಮಾಡಿದ.