ಪರದೆ ಮೇಲೆ ಹೋಗಿತ್ತು, ಪಾರ್ಟಿಗೆ ಮುಟ್ಟಿರಲಿಲ್ಲ

ಬಳ್ಳಾರಿಯ ಒಂದು ಜೀನ್ಸ್ ಘಟಕಕ್ಕೆ ಆರ್ಡರು, ಬಿಲ್ಲು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಬರೆದದ್ದು ಪಿಎಚ್‌ಪಿ ಭಾಷೆಯಲ್ಲಿ, ಲೆಕ್ಕ ಇಡಲು ಮೈಎಸ್‌ಕ್ಯೂಎಲ್ ಡೇಟಾಬೇಸ್, ಓಡಿಸಲು ಅಗ್ಗದ ಶೇರ್ಡ್ ಹೋಸ್ಟಿಂಗ್, ಅಂದರೆ ಹಲವರು ಹಂಚಿಕೊಳ್ಳುವ ಬಾಡಿಗೆ ಸರ್ವರ್. ಬಿಲ್ ಆದ ಕೂಡಲೇ ಪಿಡಿಎಫ್ ಪಾರ್ಟಿಗೆ ಮೇಲ್ ಆಗಬೇಕು, ಪರದೆಯಲ್ಲಿ ಹಸಿರು ಅಕ್ಷರದಲ್ಲಿ ‘ಮೇಲ್ ತಲುಪಿದೆ’ ಅಂತ ಬರಬೇಕು. ಅದೇನೋ ತಪ್ಪದೆ ಬರ್ತಿತ್ತು.

ಮೊದಲು ಸೊಲ್ಲಾಪುರದ ಪಾರ್ಟಿ ಫೋನ್ ಮಾಡಿ ಬಿಲ್ ಎಲ್ಲಿ ಅಂದರು, ಆಮೇಲೆ ವಿಜಯವಾಡದವರು. ಲೆಕ್ಕ ಬರೆಯುವ ಅಕ್ಕ ಪ್ರತಿ ಸಲ, “ಕಂಪ್ಯೂಟರ್‌ನಾಗ ಹೋಗೈತಿ ಅಂತ ತೋರಿಸ್ತೈತ್ರೀ” ಅಂತ ನನ್ನ ಪರವಾಗಿ ಬೈಸಿಕೊಳ್ತಿದ್ದರು. ನಾನು ಲಾಗ್ ತೆರೆದು ಸಾವ್ಕಾರ್ರಿಗೆ ತೋರಿಸಿದೆ: ಪಿಎಚ್‌ಪಿಯಲ್ಲಿ ಮೇಲ್ ಕಳಿಸುವ ಮೇಲ್ ಫಂಕ್ಷನ್ ಪ್ರತಿ ಸಲ ‘ಟ್ರೂ’ (ಆಯಿತು) ಅಂದಿದೆ. ಅವರು ಟೇಬಲ್ ಮೇಲಿದ್ದ ಪಾರ್ಸೆಲ್ ಚೀಟಿಗಳ (ಮಾಲು ಇಸ್ಕೊಂಡಿದ್ದಕ್ಕೆ ಲಾರಿಯವರು ಕೊಡುವ ಎಲ್‌ಆರ್) ಕಟ್ಟು ಎತ್ತಿ ಹಿಡಿದರು. “ಲಾರಿ ಆಫೀಸಿನಾಗ ಎಲ್‌ಆರ್ ಮಾಡಿಸ್ಕೊಂಡು ಬಂದ್ರ ಮಾಲು ಮುಟ್ಟಿದಂಗೇನಪ್ಪಾ?”

ಪಿಎಚ್‌ಪಿ ಕೈಪಿಡಿಯಲ್ಲಿ ಇರೋದೂ ಇದೇ ಮಾತು. ಲಿನಕ್ಸ್ ಸರ್ವರ್‌ನಲ್ಲಿ ಮೇಲ್ ಫಂಕ್ಷನ್ ಕಾಗದವನ್ನು ಸೆಂಡ್‌ಮೇಲ್ ಪ್ರೋಗ್ರಾಂ ಕೈಗಿಡುತ್ತದೆ. ಅದು ಇಸ್ಕೊಂಡರೆ ಟ್ರೂ. ಮುಂದಿನದು ಅದಕ್ಕೆ ಸಂಬಂಧವಿಲ್ಲ. ‘ತಲುಪಿದೆ’ ಅಂತ ಬರೆದವನು ನಾನು, ಪಿಎಚ್‌ಪಿ ಅಲ್ಲ.

ಎರಡು ದಿನ ಹೋಸ್ಟಿಂಗ್‌ನವರ ಜೊತೆ ಜಗಳವಾಡಿದೆ. ಉತ್ತರ ಹೋಸ್ಟಿಂಗ್ ನೋಡಿಕೊಳ್ಳುವ ನನ್ನ ಸಿಪ್ಯಾನೆಲ್ ಪುಟದಲ್ಲೇ ಕೂತಿತ್ತು. ತಲುಪದ ಮೇಲ್ ವಾಪಸ್ ಬರುವುದು ರಿಟರ್ನ್-ಪಾತ್ ವಿಳಾಸಕ್ಕೆ. ನಾನು ಅದನ್ನು ಕೊಟ್ಟಿರಲಿಲ್ಲವಾದ್ದರಿಂದ ಎಲ್ಲವೂ ಹೋಸ್ಟಿಂಗ್ ಖಾತೆಯ ಡೀಫಾಲ್ಟ್ ಪೆಟ್ಟಿಗೆಗೆ ಬಿದ್ದಿದ್ದವು. ಅಂಥದ್ದೊಂದು ಪೆಟ್ಟಿಗೆ ಇದೆ ಅನ್ನೋದೇ ನನಗೆ ಮರೆತುಹೋಗಿತ್ತು. ತೆರೆದರೆ 212 ಮೇಲ್, ಒಂದೂ ಓದಿಲ್ಲ. ಜಿಮೇಲ್ ತಿರಸ್ಕರಿಸಿದವುಗಳಲ್ಲಿ 550 5.7.26 ಅನ್ನೋ ನಂಬರು, ಜೊತೆಗೆ ಕಾರಣ: ಯಾಹೂ ಹೆಸರಲ್ಲಿ ಬಂದ ಈ ಮೇಲ್‌ಗೆ ದೃಢೀಕರಣವಿಲ್ಲ, ಆ ಡೊಮೇನ್‌ನ (ವಿಳಾಸದಲ್ಲಿ @ ಆದ ಮೇಲಿನ ಹೆಸರು) ಡಿಮಾರ್ಕ್ ನಿಯಮದ, ಅಂದರೆ ತಮ್ಮ ಹೆಸರಿನ ಮೇಲ್ ಖಾತ್ರಿಯಾಗದಿದ್ದರೆ ಏನು ಮಾಡಬೇಕೆಂದು ಡೊಮೇನ್‌ನವರೇ ಹೇಳಿಡುವ ನಿಯಮದ ಪ್ರಕಾರ ಒಳಗೆ ಬಿಡೋದಿಲ್ಲ.

ಸಾವ್ಕಾರ್ರದು ಹಳೇ ಯಾಹೂ ವಿಳಾಸ. ಪಾರ್ಟಿಗಳಿಗೆಲ್ಲ ಅದೇ ಗೊತ್ತು ಅಂತ ‘ಫ್ರಮ್’ನಲ್ಲಿ ಅದನ್ನೇ ಹಾಕಿದ್ದೆ. ಕಳಿಸ್ತಿದ್ದದ್ದು ಮಾತ್ರ ಯಾಹೂಗೆ ಸಂಬಂಧವೇ ಇಲ್ಲದ ಸರ್ವರ್‌. ತಮ್ಮ ಹೆಸರಲ್ಲಿ ಬೇರೆಯವರು ಕಳಿಸಿದರೆ ತಿರಸ್ಕರಿಸಿ ಅಂತ ಯಾಹೂ 2014ರ ಏಪ್ರಿಲ್‌ನಲ್ಲೇ ಲೋಕಕ್ಕೆಲ್ಲ ಸಾರಿದೆ. ನನಗೆ ಸುದ್ದಿ ತಡವಾಗಿ ಮುಟ್ಟಿತು, ಅಷ್ಟೆ.

ಘಟಕದ ಹೆಸರಲ್ಲಿ ಡೊಮೇನ್ ತಗೊಂಡೆ. ಫ್ರಮ್‌ಗೆ ಆ ವಿಳಾಸ, ‘ರಿಪ್ಲೈ-ಟು’ಗೆ ಸಾವ್ಕಾರ್ರ ಯಾಹೂ. ಮೇಲ್ ಫಂಕ್ಷನ್ ಬಿಟ್ಟು ಪಿಎಚ್‌ಪಿಮೇಲರ್ ಅನ್ನೋ ಸಿದ್ಧ ಕೋಡ್ ತಗೊಂಡೆ. ಅದು ಎಸ್‌ಎಂಟಿಪಿ ಅನ್ನೋ ಮೇಲ್ ಸಾಗಿಸುವ ಕ್ರಮದಲ್ಲಿ, ಪೋರ್ಟ್ 587ರ ಮೂಲಕ, ನೇರ ಮೇಲ್ ಸರ್ವರ್ ಜೊತೆ ಮಾತಾಡುತ್ತದೆ. ಮೇಲ್‌ಗೆ ಡೊಮೇನ್‌ನ ಸಹಿ ಹಾಕುವ ಡಿಕೆಐಎಂ ಕೀಲಿ ಹಾಕಿದೆ. ಆ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್‌ನಲ್ಲಿ ಮತ್ತೆ ಎಡವಿದೆ: ಹೋಸ್ಟಿಂಗ್‌ನವರು ಹಾಕಿದ್ದ ರೆಕಾರ್ಡ್ ಇದ್ದ ಹಾಗೇ ಕೆಳಗೆ ಇನ್ನೊಂದು ಸೇರಿಸಿಬಿಟ್ಟೆ. ಒಂದು ಡೊಮೇನ್‌ಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡಿದ್ದರೆ ಪರೀಕ್ಷೆಯೇ ದೋಷ ಅಂತ ನಿಲ್ಲುತ್ತದೆ. ಎರಡನ್ನೂ ಒಂದೇ ಸಾಲಿಗೆ ಕೂಡಿಸಿದ ಮೇಲೆ ಸರಿಹೋಯಿತು.

ಮೇಲ್ ಹೋಗತೊಡಗಿದಾಗ ‘ಬಳ್ಳಾರಿ’ ಅನ್ನೋ ಜಾಗದಲ್ಲಿ ತಲೆ ಮೇಲೆ ಓರೆ ಗೀಟು ಹೊತ್ತ ಇಂಗ್ಲಿಷ್ ‘ಎ’ಗಳ ಸಾಲು ಬಂತು. ಎಲ್ಲ ಭಾಷೆಯ ಅಕ್ಷರ ಹಿಡಿಸುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಪಿಎಚ್‌ಪಿಮೇಲರ್ ಮಾತ್ರ ನಾವು ಹೇಳದಿದ್ದರೆ ಅದನ್ನು ಐಎಸ್‌ಒ-8859-1, ಅಂದರೆ ಒಂದು ಬೈಟಿಗೆ ಒಂದು ಅಕ್ಷರದ ಹಳೇ ಸಂಕೇತ ಅಂತಲೇ ತಿಳಿಯುತ್ತದೆ. ಕ್ಯಾರ್‌ಸೆಟ್ (ಅಕ್ಷರ ಸಂಕೇತದ ಹೆಸರು) ಬದಲಿಸುವುದು ಒಂದೇ ಸಾಲಿನ ಕೆಲಸ.

ಇನ್ನೊಂದು ಉಳಿದಿತ್ತು. ಎಸ್‌ಎಂಟಿಪಿ ಮುಗಿಯುವವರೆಗೆ ಪುಟ ಅಲ್ಲಾಡುವುದಿಲ್ಲ, ಅಕ್ಕ ಬೇಸತ್ತು ಮತ್ತೆ ಬಟನ್ ಒತ್ತುತ್ತಾರೆ, ಒಂದೇ ಪಾರ್ಟಿಗೆ ಎರಡು ಬಿಲ್. ಈಗ ಬಟನ್ ಒತ್ತಿದರೆ ಡೇಟಾಬೇಸ್‌ನ ಟೇಬಲ್‌ನಲ್ಲಿ ಒಂದು ಸಾಲು ಸೇರುತ್ತದೆ. ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಬಂದು ಕಳಿಸುತ್ತದೆ. ಒಂದು ಬಿಲ್ ನಂಬರಿಗೆ ಒಂದೇ ಸಾಲು.

ಪರದೆಯಲ್ಲೀಗ ‘ಸರ್ವರ್‌ಗೆ ಒಪ್ಪಿಸಲಾಗಿದೆ’ ಅಂತ ಬರುತ್ತದೆ, ವಾಪಸ್ ಬಂದರೆ ಆ ಬಿಲ್ ಕೆಂಪಾಗುತ್ತದೆ. ಅಕ್ಕ ಅದನ್ನು ನೋಡುತ್ತಾರೆ, ತಲೆ ಆಡಿಸುತ್ತಾರೆ, ಅದೇ ಪಿಡಿಎಫ್‌ನ್ನು ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿ ಎರಡು ನೀಲಿ ಗೀಟು ಬರುವವರೆಗೆ ಫೋನ್ ಕೆಳಗಿಡುವುದಿಲ್ಲ.