ಗಾಳಿಯ ದಿಕ್ಕು ಕೆನ್ನೆಗೆ ಗೊತ್ತು

ಹದಿಹರೆಯದಲ್ಲಿಯೇ ದೃಷ್ಟಿ ಕಳೆದುಕೊಂಡ ಜಪಾನಿನ ಮಿತ್ಸುಹಿರೊ ಇವಾಮೊಟೊ, ಪೆಸಿಫಿಕ್ ಸಾಗರವನ್ನು ದಾಟಲು 2013ರ ಜೂನ್‌ನಲ್ಲಿ ಕಣ್ಣಿರುವ ಜೊತೆಗಾರರೊಬ್ಬರೊಂದಿಗೆ ಹಾಯಿದೋಣಿ ಹತ್ತಿದರು. ಕೆಲವೇ ದಿನಗಳಲ್ಲಿ ತಿಮಿಂಗಿಲ ಬಡಿದು ದೋಣಿ ಮುಳುಗಿತು. ತೆಪ್ಪದಲ್ಲಿ ತೇಲುತ್ತಿದ್ದ ಇಬ್ಬರನ್ನೂ ನೀರಿನ ಮೇಲೆ ಇಳಿಯಬಲ್ಲ ಸೇನಾ ವಿಮಾನವೊಂದು ಬಂದು ಎತ್ತಿಕೊಂಡಿತು. ಇವಾಮೊಟೊ ಅಲ್ಲಿಗೇ ಕೈಬಿಡಲಿಲ್ಲ. 2019ರ ಫೆಬ್ರವರಿ 24ರಂದು ಅಮೆರಿಕದ ಸ್ಯಾನ್ ಡಿಯಾಗೊದಿಂದ ಹೊರಟು, ಎಲ್ಲಿಯೂ ನಿಲ್ಲದೆ ಸುಮಾರು 14,000 ಕಿಲೋಮೀಟರ್ ಸಾಗಿ, ಏಪ್ರಿಲ್ 20ರಂದು ಜಪಾನಿನ ಫುಕುಶಿಮಾ ತಲುಪಿದರು. ಆ ಬಾರಿಯ ಸಂಗಾತಿ ಡಗ್ ಸ್ಮಿತ್‌ಗೆ ಕಣ್ಣಿತ್ತು, ಹಾಯಿ ನಡೆಸುವ ವಿದ್ಯೆ ಇರಲಿಲ್ಲ; ಅವರು ಕಂಡದ್ದನ್ನು ಹೇಳುತ್ತಿದ್ದರು, ಇವಾಮೊಟೊ ದೋಣಿ ನಡೆಸುತ್ತಿದ್ದರು.

ಇದನ್ನು ಹೇಳಿದರೆ ನಮ್ಮ ಆಲ್ದೂರಿನ ಕಡೆ ಹೆಚ್ಚಿನವರು "ಕಣ್ಣು ಕಾಣದವರಿಗೆ ಇದೆಲ್ಲ ಯಾಕೆ ಬೇಕಿತ್ತು" ಎನ್ನುತ್ತಾರೆ. ತಿಮಿಂಗಿಲ ಬಡಿದಾಗ ದೋಣಿಯಲ್ಲಿ ಎರಡು ಒಳ್ಳೆಯ ಕಣ್ಣುಗಳೂ ಇದ್ದವಲ್ಲ, ಅವು ಯಾವ ಉಪಯೋಗಕ್ಕೆ ಬಂದವು ಎಂಬುದು ನನ್ನ ಮರುಪ್ರಶ್ನೆ.

ನಡುಸಮುದ್ರದಲ್ಲಿ ನಾವಿಕನಿಗೆ ಬೇಕಾದ ಸುದ್ದಿಯ ಬಹುಪಾಲು ಮೈಗೇ ತಿಳಿಯುತ್ತದೆ. ಗಾಳಿ ಯಾವ ಕಡೆಯದೆಂದು ಕೆನ್ನೆ ಮತ್ತು ಕಿವಿ ಹೇಳುತ್ತವೆ. ದೋಣಿ ಎಷ್ಟು ವಾಲಿದೆಯೆಂದು ಅಂಗಾಲು ಹೇಳುತ್ತದೆ. ಗಾಳಿಗೆ ತೀರಾ ಎದುರಾಗಿ ತಿರುಗಿದರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ. ಉಳಿದದ್ದಕ್ಕೆ ಬ್ರೈಲ್ ದಿಕ್ಸೂಚಿ ಮತ್ತು ಮಾತನಾಡುವ ಜಿಪಿಎಸ್ ಇವೆ. ಈ ಜಿಪಿಎಸ್ ಜನರ ಕೈಗೆ ಬರುವ ಮೊದಲೇ, 1983ರಲ್ಲಿ, ಹ್ಯಾಂಕ್ ಡೆಕ್ಕರ್ ಎಂಬ ಅಂಧ ನಾವಿಕ ಸ್ಯಾನ್ ಫ್ರಾನ್ಸಿಸ್ಕೋದಿಂದ ಹವಾಯಿಗೆ ಒಬ್ಬರೇ ಹೋಗಿದ್ದರು.

ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ನಮ್ಮ ದೊಡ್ಡಪ್ಪನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಇಂದಿಗೂ ಕಣದಲ್ಲಿ ಚೆರಿ ಕಾಫಿ, ಅಂದರೆ ಸಿಪ್ಪೆ ಸಮೇತ ಹರಡಿದ ಕಾಫಿ ಹಣ್ಣು, ಒಣಗಿದೆಯೇ ಎಂದು ನೋಡಬೇಕಾದರೆ ಅವರು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲುಗಿಸುತ್ತಾರೆ. ಒಳಗಿನ ಬೀಜ ಗಲಗಲ ಎನ್ನದಿದ್ದರೆ ಚೀಲ ತುಂಬಲು ಬಿಡುವುದಿಲ್ಲ. ಸಾಹಸದ ಹೊಗಳಿಕೆಯನ್ನೆಲ್ಲ ಬದಿಗಿಟ್ಟು ಅವರು ಕೇಳಿದ್ದು ಒಂದೇ ಮಾತು: "ರಾತ್ರಿ ಎದುರಿಗೆ ಹಡಗು ಬಂದರೆ ಗೊತ್ತಾಗುವುದು ಹೇಗೆ ಮಾರಾಯ?"

ನಿಜವಾದ ಅಪಾಯ ಇರುವುದು ಅಲ್ಲಿಯೇ. ದೊಡ್ಡ ಹಡಗುಗಳು ತಮ್ಮ ಸ್ಥಾನ, ವೇಗ, ದಿಕ್ಕುಗಳನ್ನು ರೇಡಿಯೋ ಮೂಲಕ ಸಾರುತ್ತಿರಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಅದನ್ನು ಗ್ರಹಿಸುವ ಯಂತ್ರ ಹಾಯಿದೋಣಿಯಲ್ಲಿದ್ದರೆ ಹಡಗು ಹತ್ತಿರವಾದಂತೆ ಅಲಾರಾಂ ಕೂಗುತ್ತದೆ. ಆದರೆ ದಡ ಸಮೀಪಿಸಿದಂತೆ ಎದುರಾಗುವ ಸಣ್ಣ ಮೀನುಗಾರಿಕಾ ದೋಣಿಗಳಲ್ಲಿ ಅನೇಕವಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಅವುಗಳ ಮಟ್ಟಿಗೆ ಸ್ಮಿತ್ ಅವರ ಕಣ್ಣೇ ಬೇಕು.