ಮೂರು ಕೊಳಗದ ಗದ್ದೆ

ಸುಗ್ಗಿ ಮುಗಿದ ಮೇಲೆ ಅಪ್ಪ, ಚಿಕ್ಕಪ್ಪ ಜಮೀನು ಪಾಲು ಮಾಡಿಕೊಂಡರು. ಪಹಣಿಯಲ್ಲಿ ಇದ್ದದ್ದು 2 ಎಕರೆ 15 ಗುಂಟೆ 8 ಆಣೆ. ಒಬ್ಬೊಬ್ಬರಿಗೆ 1 ಎಕರೆ 7 ಗುಂಟೆ 12 ಆಣೆ ಬಂತು. ಎಕರೆ, ಗುಂಟೆ ಸರಿ. ಈ ಆಣೆ ಅಂದರೆ ಎಷ್ಟು ಜಾಗ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಸರ್ವೆಯವರು ಮೆಷಿನ್ ನಿಲ್ಲಿಸುತ್ತಿದ್ದರು. ಪಕ್ಕದ ಮನೆ ತಾತ ಹಿಂದೆ ಸರ್ವೆಯಲ್ಲಿ ಸರಪಳಿ ಎಳೆದವರು. ನಾನು ಕೇಳಿದ್ದೇ ತಡ, ಅಟ್ಟದಿಂದ ಹಳೇ ಸರಪಳಿ ತಂದರು. "ಒಂದು ತುದಿ ಹಿಡ್ಕೊ ಮಗಾ, ಸಡಿಲ ಬಿಡಬೇಡ" ಅಂದರು. ಭತ್ತದ ಕೂಳೆ ಮೇಲೆ ಎಳೆದು ಹಾಸಿದೆವು. ಅಂಗೈಯೆಲ್ಲ ತುಕ್ಕು.

ಸರಪಳಿ 33 ಅಡಿ, ಅದರಲ್ಲಿ 16 ಕೊಂಡಿ. ಉದ್ದಕ್ಕೆ ಒಂದು ಸರಪಳಿ, ಅಗಲಕ್ಕೆ ಒಂದು ಸರಪಳಿ ಹಿಡಿದರೆ ಒಂದು ಗುಂಟೆ. ಅಂದರೆ 1,089 ಚದರ ಅಡಿ. ಅಂಥವು 40 ಸೇರಿದರೆ ಎಕರೆ. ಇನ್ನು ಉದ್ದ ಅಷ್ಟೇ ಇಟ್ಟು, ಅಗಲಕ್ಕೆ ಬರೀ ಒಂದು ಕೊಂಡಿ ತಗೊಂಡರೆ ಅದೇ ಒಂದು ಆಣೆ. ಎರಡಡಿಗಿಂತ ಚೂರು ಜಾಸ್ತಿ ಅಗಲದ ಪಟ್ಟಿ. ತಾತ ಒಂದು ಕೊಂಡಿಯಷ್ಟು ಪಕ್ಕಕ್ಕೆ ಸರಿದು, ಅಲ್ಲಿಂದ ಆ ತುದಿವರೆಗೂ ನಡೆದು ತೋರಿಸಿದರು. ಒಬ್ಬ ಮನುಷ್ಯ ಆರಾಮಾಗಿ ನಡೆಯುವ ದಾರಿಯಷ್ಟು! ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ ಗುಂಟೆಗೂ ಹದಿನಾರಾಣೆ. 1957ರಲ್ಲಿ ಹೊಸ ಪೈಸೆ ಬಂದು ದುಡ್ಡಿನ ಲೆಕ್ಕದಿಂದ ಆಣೆ ಹೋಯಿತು. ಪಹಣಿಯಲ್ಲಿ ಇನ್ನೂ ಇದೆ, ನೋಡಿ.

ಅಜ್ಜಿ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಅವರ ಬಾಯಲ್ಲಿ ಗುಂಟೆ ಬರುವುದೇ ಇಲ್ಲ. ಈ ಗದ್ದೆ ಅವರಿಗೆ ಯಾವತ್ತೂ "ಮೂರು ಕೊಳಗದ ಗದ್ದೆ". ಮೂರು ಕೊಳಗ ಬಿತ್ತನೆ ಬೀಜ ಹಿಡಿಯುವ ನೆಲ ಅಂತ. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ಕಾಳು ಅಳೆಯುವ ಕೊಳಗವೇ ನೆಲಕ್ಕೂ ಅಳತೆ. ಆದರೆ ರಾಗಿ ಹೊಲದ ಕೊಳಗವೇ ಬೇರೆ. ರಾಗಿಯನ್ನು ತೆಳುವಾಗಿ ಚೆಲ್ಲುತ್ತಾರೆ, ಅಷ್ಟೇ ಬೀಜ ಎಷ್ಟೋ ಜಾಸ್ತಿ ನೆಲಕ್ಕೆ ಸಾಕಾಗುತ್ತೆ. ನನಗೆ ಈ ಲೆಕ್ಕ ಬಹಳ ಇಷ್ಟವಾಯಿತು. ಸರಪಳಿಗೆ ಎಲ್ಲ ನೆಲವೂ ಒಂದೇ. ಕೊಳಗಕ್ಕೆ ನೆಲ ಎಂಥದ್ದು ಅಂತ ಗೊತ್ತಿರಬೇಕು, ಅಲ್ವಾ?

ಸಂಜೆ ಹೊತ್ತಿಗೆ ನಡುವೆ ಕಲ್ಲು ನೆಟ್ಟಾಯಿತು. ಅಜ್ಜಿ ಎದ್ದು ಬಂದು ಕಲ್ಲಿನ ಮೇಲೆ ಕೈಯಿಟ್ಟರು. "ಒಟ್ಲು ಯಾರ ಪಾಲಿಗೆ ಬಂತಪ್ಪಾ?" ಅಂತ ಅಪ್ಪನನ್ನು ಕೇಳಿದರು. ಸಸಿ ಬೆಳೆಸುವ ಒಟ್ಲು ಚಿಕ್ಕಪ್ಪನ ಕಡೆ ಹೋಗಿತ್ತು. ಚಿಕ್ಕಪ್ಪನೇ ಹೇಳಿದರು, "ಒಟ್ಲು ಒಂದೇ ಇರ್ಲಿ ಬಿಡವ್ವ. ಇಬ್ರೂ ಅಲ್ಲೇ ಬೀಜ ಹಾಕ್ಕೊತೀವಿ."